ಹೈಲ್ಯಾಂಡ್ ಎಸೆತದ ಅಭ್ಯಾಸಕ್ಕೆ ಮನೆಯಲ್ಲಿ ಮಾಡಿದ ತೂಕ ಮತ್ತು ಹ್ಯಾಮರ್: ಯಾವುದು ಮೇಲು?

ಸ್ಕಾಟ್ಲೆಂಡಿನ ಹೈಲ್ಯಾಂಡ್ ಕ್ರೀಡಾಕೂಟಗಳಲ್ಲಿ ಪುರುಷರು ಒಂದೇ ಕೈಯಲ್ಲಿ ದೂರಕ್ಕೆ ಎಸೆಯುವ ತೂಕಗಳು ಎರಡು. ಒಂದು 28 ಪೌಂಡಿನದು, ಎಂದರೆ 12.7 ಕೆ.ಜಿ.; ಇನ್ನೊಂದು ಅದರ ಇಮ್ಮಡಿಯಾದ 56 ಪೌಂಡಿನದು, 25.4 ಕೆ.ಜಿ. ಈ ಅಂಕಿಗಳು ವಿಚಿತ್ರವೆನಿಸಿದರೆ, ಹಳೆಯ ಬ್ರಿಟಿಷ್ ವ್ಯಾಪಾರದ ತಕ್ಕಡಿಯನ್ನು ನೆನೆದುಕೊಳ್ಳಬೇಕು: 112 ಪೌಂಡಿನ ಹಂಡ್ರೆಡ್‌ವೇಟ್‌ನ ಕಾಲುಭಾಗ ಮತ್ತು ಅರ್ಧಭಾಗದ ಬಟ್ಟುಗಳೇ ಮೈದಾನಕ್ಕೆ ಬಂದು ನಿಂತಿವೆ. ಹಿಡಿಯೂ ಸೇರಿ ಇವುಗಳ ಉದ್ದ 18 ಇಂಚು. ಉದ್ದನೆಯ ಕಾವಿನ (ಹಿಡಿಕೋಲಿನ) ತುದಿಗೆ ಗುಂಡು ಕೂರಿಸಿದ ಹ್ಯಾಮರ್ 16 ಮತ್ತು 22 ಪೌಂಡಿನದಾಗಿದ್ದು, ಅದರ ಉದ್ದ 50 ಇಂಚು. ಅಬರ್ಡೀನ್‌ಗೆ ಬಂದು ಈ ಆಟದ ಗೀಳು ಹತ್ತಿದ ಮೇಲೆ, ಸ್ಪರ್ಧೆಯ ಉಪಕರಣಗಳ ಬೆಲೆಯನ್ನು ನೋಡಿ ಹಿಂಜರಿದು, ಇವನ್ನೆಲ್ಲ ಶೆಡ್ಡಿನಲ್ಲಿಯೇ ಬೇರೆ ಬೇರೆ ಬಗೆಯಲ್ಲಿ ಮಾಡಿ ಎಸೆದು ನೋಡಿದ್ದೇನೆ. ಅಭ್ಯಾಸದ ಉಪಕರಣದಲ್ಲಿ ತೂಕ ಅರ್ಧ ಕಿಲೋ ಆಚೀಚೆಯಾದರೂ ನಡೆಯುತ್ತದೆ, ಆದರೆ ಉದ್ದವೂ ಭಾರ ಕುಳಿತ ಜಾಗವೂ ತಪ್ಪಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಮುಂದಿನ ಹೋಲಿಕೆಯೆಲ್ಲ ಇದೇ ಅಳತೆಗೋಲಿನಿಂದ ಮಾಡಿದ್ದು.

ಮೊದಲು ತೂಕದ ವಿಚಾರ. ಇದಕ್ಕೆ ಮೂರು ದಾರಿಗಳಿವೆ: ಜಿಮ್‌ನ ಕಬ್ಬಿಣದ ಪ್ಲೇಟುಗಳನ್ನು ಐ ಬೋಲ್ಟಿಗೆ (ತಲೆಯಲ್ಲಿ ಬಳೆಯಿರುವ ಬೋಲ್ಟಿಗೆ) ಪೋಣಿಸುವುದು, ಕೆಟಲ್‌ಬೆಲ್‌ಗೆ (ಕಮಾನಿನಂಥ ಹಿಡಿಯಿರುವ ವ್ಯಾಯಾಮದ ಕಬ್ಬಿಣದ ಗುಂಡಿಗೆ) ಶ್ಯಾಕಲ್ ಎಂಬ U ಆಕಾರದ ಕೊಂಡಿ ಮತ್ತು ಹಿಡಿಯಲು ಬಳೆ ತೊಡಿಸುವುದು, ಕಾಂಕ್ರೀಟ್ ಎರಕ ಹೊಯ್ಯುವುದು.

ಕಾಂಕ್ರೀಟ್ ಎಲ್ಲಕ್ಕಿಂತ ಅಗ್ಗ, ಎಲ್ಲಕ್ಕಿಂತ ಕಳಪೆ. ಕಬ್ಬಿಣದ ಸಾಂದ್ರತೆಯ ಮೂರನೆಯ ಒಂದು ಭಾಗದಷ್ಟೇ ಅದಕ್ಕಿರುವುದರಿಂದ 25.4 ಕೆ.ಜಿ. ತೂಗುವ ಕಾಂಕ್ರೀಟ್ ತುಂಡು ಹೆಚ್ಚುಕಡಿಮೆ 22 ಸೆಂಟಿಮೀಟರ್ ಬದಿಯ ಘನವಾಗುತ್ತದೆ. ದೂರಕ್ಕೆ ಎಸೆಯುವ ಮೊದಲು ಮೈಯನ್ನು ಎರಡು ಸುತ್ತು ತಿರುಗಿಸುವಾಗ ಅದರ ಮೂಲೆ ತೊಡೆಗೆ ಬಡಿಯುತ್ತದೆ. ಬಡಿಯದಿರಲಿ ಎಂದು ಕೈಯನ್ನು ದೂರ ಹಿಡಿದರೆ ತಿರುಗುವ ಕ್ರಮವೇ ಕೆಟ್ಟು, ಮರಳಿ ಅಸಲಿ ತೂಕ ಹಿಡಿದಾಗ ಆ ಅಭ್ಯಾಸ ಕಾಲಿಗೆ ತೊಡಕಾಗುತ್ತದೆ. ಪೂರ್ತಿ ಗಟ್ಟಿಯಾಗಲು ನಾಲ್ಕು ವಾರ ಕಾದು ಎಸೆದರೂ, ನೆಲ ಹೆಪ್ಪುಗಟ್ಟಿದ ಚಳಿಗಾಲದಲ್ಲಿ ಅಂಚುಗಳು ಉದುರುತ್ತವೆ, ಒಳಗೆ ಹುದುಗಿಸಿದ ಕೊಕ್ಕೆ ಕ್ರಮೇಣ ಸಡಿಲವಾಗುತ್ತದೆ. ಇದನ್ನು ಯಾರಿಗೂ ಸೂಚಿಸಲಾರೆ.

ಕೆಟಲ್‌ಬೆಲ್ ಲೆಕ್ಕದಲ್ಲಿ ಸೊಗಸಾಗಿ ಕೂಡಿಬರುತ್ತದೆ. 12 ಕಿಲೋದ ಬೆಲ್‌ಗೆ ಏಳುನೂರು ಗ್ರಾಂನ ಶ್ಯಾಕಲ್ ಮತ್ತು ಬಳೆ ಸೇರಿಸಿದರೆ 28 ಪೌಂಡು. 24 ಕಿಲೋದ್ದಕ್ಕೆ ಒಂದು ಕಿಲೋ ನಾನೂರು ಗ್ರಾಂನ ಸಾಮಾನು ಸೇರಿಸಿದರೆ 56 ಪೌಂಡು. ಯಾವ ವೆಲ್ಡಿಂಗೂ ಬೇಡ, ಒಂದು ಸಂಜೆಯ ಕೆಲಸ. ತೊಂದರೆ ಇರುವುದು ಅದರ ಹಿಡಿಯಲ್ಲಿ. ಎರಡೂ ಕೈ ಹಿಡಿಸುವಷ್ಟು ಅಗಲವಾದ ಆ ಕಮಾನಿನ ಮೇಲೆ ಶ್ಯಾಕಲ್ ಒಂದು ಬದಿಗೆ ಜಾರಿ ಕೂರುತ್ತದೆ. ಆಗ ಗುಂಡು ಓರೆಯಾಗಿ ತೂಗಿ, ಎರಡನೆಯ ಸುತ್ತಿನಲ್ಲಿ ಬಳೆ ಬೆರಳುಗಳಲ್ಲಿ ತಿರುಚಿಕೊಳ್ಳುತ್ತದೆ. ಶ್ಯಾಕಲ್‌ನ ಎರಡೂ ಪಕ್ಕದಲ್ಲಿ ನೈಲಾನ್ ಹಗ್ಗವನ್ನು ಬಿಗಿಯಾಗಿ ಸುತ್ತಿ, ಮೇಲೆ ಬಟ್ಟೆಯ ಟೇಪ್ ಹಾಕಿದರೆ ಜಾರುವುದು ಬಹುಮಟ್ಟಿಗೆ ನಿಲ್ಲುತ್ತದೆ. ತೂಕವನ್ನು ಅಡ್ಡಪಟ್ಟಿಯ ಮೇಲಿಂದ ಎತ್ತರಕ್ಕೆ ಎಸೆಯುವ ಸ್ಪರ್ಧೆಯ ಅಭ್ಯಾಸಕ್ಕೆ, ಅಲ್ಲಿ ಸುತ್ತುವ ಗೋಜಿಲ್ಲದೆ ಕಾಲುಗಳ ನಡುವಿನಿಂದ ಬೀಸಿ ಮೇಲಕ್ಕೆ ಬಿಡುವುದಾದರೆ, ಕೆಟಲ್‌ಬೆಲ್ ಧಾರಾಳವಾಗಿ ಸಾಕು.

ದೂರದ ಎಸೆತಕ್ಕೆ ಮಾತ್ರ ನನ್ನ ಮತ ಪ್ಲೇಟುಗಳಿಗೇ. ಇಲ್ಲಿ ಒಂದು ಎಚ್ಚರಿಕೆ ಅಗತ್ಯ: 56 ಪೌಂಡಿಗೆ 20 ಕಿಲೋದ ಒಂದೇ ದೊಡ್ಡ ಪ್ಲೇಟನ್ನು ಬಳಸಿದರೆ ಅದರ ಅಗಲವೇ ಕಾಂಕ್ರೀಟಿನ ತೊಂದರೆಯನ್ನು ಮರಳಿ ತರುತ್ತದೆ. ಐದು ಕಿಲೋದ ನಾಲ್ಕು ಚಿಕ್ಕ ಪ್ಲೇಟುಗಳನ್ನು ಒತ್ತಾಗಿ ಜೋಡಿಸಿ, ಮೇಲೊಂದು ಎರಡೂವರೆಯದು ಮತ್ತು ಒಂದೂಕಾಲಿನದು ಇಟ್ಟರೆ 23.75 ಕಿಲೋ ಆಗುತ್ತದೆ; ಬೋಲ್ಟು, ವಾಷರ್, ಸರಪಳಿ, ಹಿಡಿ ಸೇರಿ ಉಳಿದದ್ದನ್ನು ತುಂಬುತ್ತವೆ. ಪ್ಲೇಟಿನ ತೂತು ಒಂದು ಇಂಚಿನದು, ಬೋಲ್ಟು 16 ಮಿಲಿಮೀಟರಿನದು. ನಡುವಿನ ಸಂದಿಯಲ್ಲಿ ಪ್ಲೇಟುಗಳು ಗಲಗಲಿಸದಂತೆ ಬೋಲ್ಟಿಗೆ ತೋಟದ ಹೋಸ್ ಪೈಪಿನ ತುಂಡೊಂದನ್ನು ತೊಡಿಸಬೇಕು. ಕೆಳಗೆ ಅಗಲವಾದ ವಾಷರ್ ಇಟ್ಟು, ಒಂದರ ಮೇಲೊಂದು ಎರಡು ನಟ್‌ಗಳನ್ನು ಪರಸ್ಪರ ಬಿಗಿಯಬೇಕು, ಏಕೆಂದರೆ ಪ್ರತಿ ಸಲ ನೆಲಕ್ಕೆ ಬಿದ್ದಾಗಲೂ ಒಂಟಿ ನಟ್ ಕೂದಲೆಳೆಯಷ್ಟು ಬಿಚ್ಚಿಕೊಳ್ಳುತ್ತದೆ. ಸರಪಳಿಯ ಕೊಂಡಿಗಳನ್ನು ಹೆಚ್ಚುಕಡಿಮೆ ಮಾಡಿ ಉದ್ದವನ್ನು 18 ಇಂಚಿಗೆ ಸರಿಯಾಗಿ ತರಬಹುದೆಂಬುದು ಈ ವಿಧಾನದ ದೊಡ್ಡ ಗುಣ. ಮೈ ದಣಿದ ದಿನ ಒಂದು ಪ್ಲೇಟನ್ನು ತೆಗೆದು ಹಗುರ ಮಾಡಿಕೊಳ್ಳಬಹುದೆಂಬುದು ಇನ್ನೊಂದು.

ಸೀಸವನ್ನು ಕರಗಿಸಿ ಹೊಯ್ಯುವವರೂ ಇದ್ದಾರೆ. ಗಾತ್ರ ಬಹಳ ಚಿಕ್ಕದಾಗುತ್ತದೆಂಬುದು ನಿಜ, ಆದರೆ ಅದರ ಹೊಗೆ ಮತ್ತು ಧೂಳು ವಿಷ. ಮಕ್ಕಳಿರುವ ಮನೆಯ ಶೆಡ್ಡಿನಲ್ಲಿ ಆ ಕೆಲಸ ಬೇಡವೆಂದು ನಾನು ಅದನ್ನು ಕೈಗೆತ್ತಿಕೊಳ್ಳಲಿಲ್ಲ.

ಹ್ಯಾಮರ್‌ನಲ್ಲಿ ಈ ಅಂತರ ಇನ್ನೂ ಸೂಕ್ಷ್ಮ. ಒಲಿಂಪಿಕ್ ಹ್ಯಾಮರ್‌ನಂತೆ ತಂತಿಯಾಗಲಿ ಸುತ್ತುವುದಾಗಲಿ ಇಲ್ಲಿಲ್ಲ; ಎಸೆಯುವ ದಿಕ್ಕಿಗೆ ಬೆನ್ನು ಮಾಡಿ, ಕಾಲು ಕದಲಿಸದೆ, ಗಟ್ಟಿ ಕಾವಿನ ಗುಂಡನ್ನು ತಲೆಯ ಸುತ್ತ ಬೀಸಿ ಭುಜದ ಮೇಲಿಂದ ಬಿಡಬೇಕು. 16 ಪೌಂಡಿನ ಕಬ್ಬಿಣದ ಗುಂಡಿಗೆ ವ್ಯಾಸ ಸುಮಾರು 12 ಸೆಂಟಿಮೀಟರ್, ಕಾಂಕ್ರೀಟಿನದಕ್ಕೆ ಸುಮಾರು 18. ಒಟ್ಟು ಉದ್ದ 50 ಇಂಚಿಗೇ ನಿಲ್ಲುವುದರಿಂದ ಕಾಂಕ್ರೀಟಿನಲ್ಲಿ ಭಾರದ ಕೇಂದ್ರ ಮೂರು ಸೆಂಟಿಮೀಟರ್ ಕೈಯ ಕಡೆಗೆ ಸರಿಯುತ್ತದೆ. ಕಾಗದದ ಮೇಲೆ ಇದು ಅಲ್ಪವೆನಿಸಿದರೂ ಬೀಸುವಾಗ ಸೆಳೆತ ಸಪ್ಪೆಯಾದದ್ದು ಭುಜಕ್ಕೆ ಕೂಡಲೇ ತಿಳಿಯುತ್ತದೆ. ಚಿಕ್ಕ ಪ್ಲೇಟುಗಳನ್ನು ಪೈಪಿನ ತುದಿಗೆ ಬಿಗಿದ ಹ್ಯಾಮರ್ ಇದಕ್ಕಿಂತ ವಾಸಿ. ಆದರೆ ಅದರ ಅಂಚು ಹುಲ್ಲುನೆಲವನ್ನು ಗುದ್ದಲಿಯಂತೆ ಅಗೆಯುವುದರಿಂದ ಮೈದಾನ ನೋಡಿಕೊಳ್ಳುವವರ ಮುಖ ಗಂಟಿಕ್ಕುವುದು ಖಂಡಿತ.

ಎಲ್ಲಕ್ಕಿಂತ ಒಳ್ಳೆಯದು ಹಳೆಯ ಶಾಟ್‌ಪುಟ್ ಗುಂಡು. ಪುರುಷರ ಶಾಟ್‌ಪುಟ್ ತೂಗುವುದು 7.26 ಕೆ.ಜಿ., ಅಂದರೆ ಸರಿಯಾಗಿ 16 ಪೌಂಡು. ವರ್ಕ್‌ಶಾಪಿನಲ್ಲಿ ಅದರ ನಡುವೆ 30 ಮಿಲಿಮೀಟರಿನ ತೂತು ಕೊರೆಸಿದರೆ ಆರುನೂರು ಗ್ರಾಂನಷ್ಟು ಕಬ್ಬಿಣ ಹೋಗುತ್ತದೆ, ಕಾವು ತೊಡಿಸಿದಾಗ ಹೆಚ್ಚುಕಡಿಮೆ ಅಷ್ಟೇ ಮರಳುತ್ತದೆ. ಕೊಳ್ಳುವಾಗ ಅದು ಪೂರ್ತಿ ಕಬ್ಬಿಣದ್ದೇ ಎಂದು ಕೇಳಿ ತಿಳಿಯಬೇಕು. ಅಗ್ಗದ ಗುಂಡುಗಳಲ್ಲಿ ಒಳಗೆ ಬೇರೇನೋ ತುಂಬಿರುತ್ತದೆ, ಕೊರೆದಾಗ ಅದು ಸುರಿದುಹೋಗುತ್ತದೆ. ಕಾವಿಗೆ ದಪ್ಪ ಗೋಡೆಯ ಪಿವಿಸಿ ಪೈಪ್ ಬೆತ್ತಕ್ಕಿಂತ ಅಗ್ಗ, ಸುಲಭವಾಗಿ ಸಿಗುವಂಥದ್ದು, ಆದರೆ ಕೊರೆಯುವ ಚಳಿಯಲ್ಲಿ ಅದು ಪೆಡಸಾಗಿ ಸೀಳುತ್ತದೆ. ಬೆತ್ತ ಬಾಗಿ ತಡೆದುಕೊಳ್ಳುತ್ತದೆ. ಆದ್ದರಿಂದ ಬೇಸಿಗೆಗೆ ಪಿವಿಸಿ, ಡಿಸೆಂಬರಿನಿಂದ ಮಾರ್ಚಿನವರೆಗೆ ಬೆತ್ತ ಎಂದು ಎರಡು ಕಾವುಗಳನ್ನು ಇಟ್ಟುಕೊಂಡಿದ್ದೇನೆ.

ಉಳಿದ ಸ್ಪರ್ಧೆಗಳ ಉಪಕರಣಗಳಲ್ಲಿ ಆಯ್ಕೆಯ ಕಷ್ಟವಿಲ್ಲ. ಕವೆಗೋಲಿನಿಂದ ಮೇಲಕ್ಕೆ ಚಿಮ್ಮಿಸುವ ಹುಲ್ಲಿನ ಹೊರೆಗೆ ಗೋಣಿಚೀಲವೇ ಸಾಕು. ಒಳಗೆ ಹುಲ್ಲಿಗಿಂತ ಹಳೆಯ ಹಗ್ಗದ ತುಂಡುಗಳನ್ನು ತುಂಬಿದರೆ ಮಳೆಯಲ್ಲಿ ಕೊಳೆಯುವುದು ಕಡಿಮೆ. ಸ್ಕಾಟ್ಲೆಂಡಿನ ಬ್ರೇಮಾರ್ ಊರಿನ ಹೈಲ್ಯಾಂಡ್ ಕೂಟದಲ್ಲಿ ಓಟವಿಲ್ಲದೆ ನಿಂತಲ್ಲಿಂದಲೇ ಎಸೆಯುವ ಕಲ್ಲಿನಂಥದ್ದಕ್ಕೆ, ತೋಟದ ಅಲಂಕಾರಕ್ಕೆಂದು ಕಲ್ಲು ಮಾರುವ ಅಂಗಡಿಗೆ ತಕ್ಕಡಿ ಒಯ್ದು, ಅಂಗೈಗೆ ಕೂರುವ ನುಣುಪಾದ ಒಂದನ್ನು ಆರಿಸಿ ತಂದರೆ ಆಯಿತು.