ಟರ್ಬೊ ಡೀಸೆಲ್‌ಗೆ ಸಿಲಿಕೋನ್ ಹೋಸ್ ಕಿಟ್: ಎರಡು ವರ್ಷ ಓಡಿಸಿದ ಮೇಲೆ

ಟರ್ಬೊ ಅಂದ್ರೆ ಇಂಜಿನ್‌ಗೆ ಗಾಳಿ ಒತ್ತಿ ತುಂಬೋ ಫ್ಯಾನ್, ಆ ಗಾಳಿ ಇಂಜಿನ್‌ವರೆಗೆ ಹೋಗೋ ರಬ್ಬರ್ ಹೋಸ್‌ಗಳ ಬದಲು ಹಾಕೋ ಸೆಟ್ ಇದು. ಮೊದಲೇ ಹೇಳ್ಬಿಡ್ತೀನಿ, ಇದು ಪವರ್ ಜಾಸ್ತಿ ಮಾಡೋ ಕಿಟ್ ಅಲ್ಲ. ಗಾಡಿಗೆ ಇರೋ ಪವರ್ ಮಧ್ಯದಲ್ಲೆಲ್ಲೋ ಸೋರಿ ಹೋಗ್ತಿದ್ರೆ ಅದನ್ನ ವಾಪಸ್ ಕೊಡುತ್ತೆ, ಅಷ್ಟೇ. ಡಬ್ಬದ ಮೇಲೆ ಬರೆದಿರೋ ಎಕ್ಸ್‌ಟ್ರಾ ಹಾರ್ಸ್‌ಪವರ್ ಎಲ್ಲ ಬರೀ ಓಳು.

ನಂದು ಒಂದೂವರೆ ಲೀಟರ್ ಟರ್ಬೊ ಡೀಸೆಲ್, ಲಕ್ಷ ಕಿಲೋಮೀಟರ್ ದಾಟಿದೆ, ಬೆಂಗಳೂರು ಮಂಗಳೂರು ಓಡಾಟ ಜಾಸ್ತಿ. ಶಿರಾಡಿ ಘಾಟಿಯಲ್ಲಿ ಮೂರನೇ ಗೇರಲ್ಲೇ ಆರಾಮಾಗಿ ಹತ್ತುತ್ತಿದ್ದ ಗಾಡಿ ಎರಡಕ್ಕೆ ಇಳಿಸಿದ್ರೂ ಏದುಸಿರು ಬಿಡೋಕೆ ಶುರು ಮಾಡ್ತು, ಹಿಂದೆ ಕಪ್ಪು ಹೊಗೆ, ಆಕ್ಸಿಲರೇಟರ್ ಒತ್ತಿದ್ರೆ ಬಾನೆಟ್ ಒಳಗಿಂದ ಬುಸ್ ಅಂತ ಸದ್ದು, ಸ್ಕ್ಯಾನರ್ ಹಾಕಿದ್ರೆ ಪಿ0299 ಅನ್ನೋ ಎರರ್ ಕೋಡ್, ಅಂದ್ರೆ ಅಂಡರ್‌ಬೂಸ್ಟ್, ಟರ್ಬೊ ಕೊಡೋ ಗಾಳಿ ಒತ್ತಡ (ಬೂಸ್ಟ್) ಕಮ್ಮಿ ಅಂತ. ಒಂದು ಗ್ಯಾರೇಜಲ್ಲಿ "ಟರ್ಬೊ ಹೋಗಿದೆ ಸಾರ್, ಪೂರ್ತಿ ಚೇಂಜ್ ಮಾಡ್ಬೇಕು" ಅಂದ್ರು. ಪೈಪ್ ಕಡೆ ಕಣ್ಣೂ ಹಾಯಿಸಲಿಲ್ಲ ಪುಣ್ಯಾತ್ಮರು.

ವಿಷಯ ಏನಂದ್ರೆ, ಗಾಳಿ ಎಷ್ಟು ಬಂತು ಅಂತ ಲೆಕ್ಕ ತಗೊಳ್ಳೋ ಎಂಎಎಫ್ ಸೆನ್ಸರ್ ಟರ್ಬೊಗಿಂತ ಮುಂಚೆ ಕೂತಿರುತ್ತೆ, ಸೋರೋದು ಟರ್ಬೊ ಆದ್ಮೇಲೆ. ಲೆಕ್ಕದಲ್ಲಿರೋ ಗಾಳಿ ಇಂಜಿನ್‌ಗೆ ಪೂರ್ತಿ ಸೇರೋದೇ ಇಲ್ಲ, ಡೀಸೆಲ್ ಮಾತ್ರ ಆ ಲೆಕ್ಕಕ್ಕೇ ಬೀಳುತ್ತೆ, ಅದಕ್ಕೇ ಹೊಗೆ. ಕಮ್ಮಿಯಾದ ಬೂಸ್ಟ್ ತುಂಬಿಸೋಕೆ ಟರ್ಬೊ ಇನ್ನೂ ಜೋರಾಗಿ ತಿರುಗುತ್ತೆ, ಹಾಗೇ ಬಿಟ್ರೆ ಚೆನ್ನಾಗಿರೋ ಟರ್ಬೊನೂ ಸವೆಯುತ್ತೆ.

ಕಿಟ್ ತಗೊಳ್ಳೋಕೆ ಮುಂಚೆ ಸೋರ್ತಿರೋದು ಎಲ್ಲಿ ಅಂತ ಹುಡುಕಲೇಬೇಕು. ಐಡ್ಲಿಂಗಲ್ಲಿ ಬೂಸ್ಟೇ ಇರಲ್ಲ, ಆಗ ಕಿವಿಗೊಟ್ಟು ಕೂತ್ರೆ ಏನೂ ಗೊತ್ತಾಗಲ್ಲ. ಹಾರ್ಡ್‌ವೇರ್ ಅಂಗಡಿಯ ಪಿವಿಸಿ ಎಂಡ್ ಕ್ಯಾಪ್‌ಗೆ ತೂತು ಕೊರೆದು ಪಂಕ್ಚರ್ ಅಂಗಡಿಯಿಂದ ತಂದ ಟ್ಯೂಬ್‌ಲೆಸ್ ವಾಲ್ವ್ ಕೂರಿಸಿ, ಇಂಜಿನ್ ಆಫ್ ಇದ್ದಾಗ ಏರ್ ಫಿಲ್ಟರ್ ಹೋಸ್ ಬಿಚ್ಚಿ ಟರ್ಬೊ ಬಾಯಿಗೆ ಅದನ್ನ ಕ್ಲಾಂಪ್ ಮಾಡಿ, ಗೇಜ್ ಇರೋ ಕಾಲು ಪಂಪಲ್ಲಿ ಗಾಳಿ ಹೊಡೆದೆ. 15 ಪಿಎಸ್‌ಐ ಅಂದ್ರೆ ಹೆಚ್ಚುಕಮ್ಮಿ 1 ಬಾರ್, ಅದಕ್ಕಿಂತ ಮೇಲೆ ಹೋಗ್ಬೇಡಿ. ಇಂಜಿನ್ ಒಳಗಿನ ಎಣ್ಣೆ ಆವಿ ಹೊರಗೆ ಬಿಡೋ ಬ್ರೀದರ್ ಪೈಪ್ ಟರ್ಬೊ ಬಾಯಿ ಹತ್ರನೇ ಬಂದು ಸೇರುತ್ತೆ, ಅದನ್ನ ಬಿಚ್ಚಿ ಎರಡೂ ಕಡೆ ಮುಚ್ಚಿ, ಇಲ್ಲಾಂದ್ರೆ ಪ್ರೆಶರ್ ಎಲ್ಲ ಇಂಜಿನ್ ಹೊಟ್ಟೆಗೆ ಹೋಗಿ ಆಯಿಲ್ ಸೀಲ್‌ಗೆ ತೊಂದರೆ. ಆಮೇಲೆ ಸೋಪಿನ ನೀರು ಸ್ಪ್ರೇ. ಟರ್ಬೊದಿಂದ ಇಂಟರ್‌ಕೂಲರ್‌ಗೆ (ಟರ್ಬೊದ ಬಿಸಿ ಗಾಳಿನ ತಣ್ಣಗೆ ಮಾಡೋ, ರೇಡಿಯೇಟರ್ ಥರದ್ದು) ಹೋಗೋ ಕೆಳಗಿನ ಹೋಸಲ್ಲಿ, ಕ್ಲಾಂಪ್ ಪಟ್ಟಿಯ ಅಂಚಲ್ಲೇ ಸಣ್ಣ ಸಣ್ಣ ಗುಳ್ಳೆ ಎದ್ದು ನೊರೆ ಗುಪ್ಪೆ ಬಿತ್ತು. ಅದೇ ಜಾಗದಲ್ಲಿ ಎಣ್ಣೆ ಜಿಡ್ಡಿಗೆ ಧೂಳು ಮೆತ್ಕೊಂಡು ಕಪ್ಪಗಾಗಿತ್ತು, ಟಾರ್ಚ್ ಹಾಕಿ ನೋಡಿದ್ರೆ ಯಾರಿಗಾದ್ರೂ ಕಾಣೋದು.

ಕಿಟ್ಟಲ್ಲಿ ನಾಲ್ಕು ಪದರದ ಸಿಲಿಕೋನ್ ಹೋಸ್, ಟಿ-ಬೋಲ್ಟ್ ಕ್ಲಾಂಪ್ (ಬೋಲ್ಟ್ ನಟ್ಟಲ್ಲಿ ಬಿಗಿಯೋ ಪಟ್ಟಿ) ಬರುತ್ತೆ. ಒಂದು ಹೋಸ್ ಉದ್ದ ಜಾಸ್ತಿ, ಬೆರಳಗಲ ಕತ್ತರಿಸಬೇಕಾಯ್ತು. ಪೈಪ್ ತುದಿನ ಬ್ರೇಕ್ ಕ್ಲೀನರಲ್ಲಿ ಒರೆಸಿ, ಗ್ರೀಸ್ ಗೀಸ್ ಹಚ್ಚಬೇಡಿ, ಬೂಸ್ಟ್ ಬಂದಾಗ ಜಾರಿ ಕಿತ್ಕೊಂಡು ಬರುತ್ತೆ. ಕ್ಲಾಂಪ್ ಪೈಪಿನ ಉಬ್ಬು ದಾಟಿ ಒಳಗಡೆ ಕೂರಬೇಕು, ಉಬ್ಬಿನ ಮೇಲಲ್ಲ. ಇಂಟರ್‌ಕೂಲರ್ ಕುತ್ತಿಗೆ ಪ್ಲಾಸ್ಟಿಕ್ ಆಗಿದ್ರೆ ಜೋರಾಗಿ ಬಿಗಿದ್ರೆ ಬಿರುಕು ಬಿಡುತ್ತೆ, ಆಮೇಲೆ ಇಂಟರ್‌ಕೂಲರ್ ಖರ್ಚು. ಕೆಲವು ದಿನ ಬಿಸಿಯಾಗಿ ತಣ್ಣಗಾಗಿ ಆದ್ಮೇಲೆ ಇನ್ನೊಂದು ಸಲ ಸ್ವಲ್ಪ ಬಿಗಿ ಮಾಡಿ.

ಪಿಕಪ್ ಅವತ್ತೇ ವಾಪಸ್ ಬಂತು, ಕೋಡ್ ಮತ್ತೆ ಬಂದಿಲ್ಲ, ಹೊಗೆ ಇಲ್ಲ. ಇಂಟರ್‌ಕೂಲರ್ ಆದ್ಮೇಲಿನ ತಂಪು ಕಡೆ ಹೋಸ್ ಇವತ್ತಿಗೂ ಹೊಸದರ ಥರ ಮೆತ್ತಗಿದೆ. ಬಿಸಿ ಕಡೆ, ಅಂದ್ರೆ ಟರ್ಬೊದಿಂದ ಇಂಟರ್‌ಕೂಲರ್‌ಗೆ ಹೋಗೋ ಹೋಸಿಂದೇ ಕಥೆ ಬೇರೆ. ಅಲ್ಲಿ ಗಾಳಿ ಬಿಸಿ ನೂರು ಡಿಗ್ರಿ ದಾಟುತ್ತೆ, ಜೊತೆಗೆ ಬ್ರೀದರಿಂದ ಬಂದ ಎಣ್ಣೆ ಆವಿ. ಬರೀ ಸಿಲಿಕೋನ್ ಎಣ್ಣೆ ತಡೆಯಲ್ಲ, ಒಳಗಡೆ ಫ್ಲೋರೋಸಿಲಿಕೋನ್ ಪದರ ಇರ್ಬೇಕು, ಈ ಕಿಟ್ಟಲ್ಲಿ ಇಲ್ಲ, ಮಾರೋರು ಅದನ್ನ ಹೇಳೋದೂ ಇಲ್ಲ. ಒಂದು ವರ್ಷ ಕಳೆಯೋಷ್ಟರಲ್ಲಿ ಹೋಸ್ ಹೊರಮೈ ಬೆವರೋಕೆ ಶುರು, ಮುಟ್ಟಿದ್ರೆ ಕೈಗೆ ಜಿಡ್ಡು. ಗಾಳಿ ಸೋರ್ತಿರಲಿಲ್ಲ, ಆದ್ರೂ ನನಗೆ ಸಮಾಧಾನ ಆಗ್ಲಿಲ್ಲ. ಅದೊಂದನ್ನ ತೆಗೆದು ಗಾಡಿಯ ಒರಿಜಿನಲ್ ರಬ್ಬರ್ ಹೋಸ್ ಹೊಸದು ಹಾಕಿಸಿದೆ, ಕ್ಲಾಂಪ್ ಮಾತ್ರ ಕಿಟ್ಟಿಂದೇ.

ನಿಜವಾಗಿ ದುಡ್ಡಿಗೆ ಬೆಲೆ ಬಂದಿದ್ದು ಆ ಕ್ಲಾಂಪ್‌ಗಳಿಂದ. ಮಾಮೂಲಿ ಸ್ಕ್ರೂ ಕ್ಲಾಂಪಿನ ಗೆರೆಗಳು ಸಿಲಿಕೋನನ್ನ ಕಚ್ಚಿ ಹರಿಯುತ್ತೆ, ಟಿ-ಬೋಲ್ಟ್ ಸುತ್ತಲೂ ಒಂದೇ ಸಮ ಹಿಡಿಯುತ್ತೆ. ಪಟ್ಟಿ ಸ್ಟೇನ್‌ಲೆಸ್, ಆದ್ರೆ ನಟ್ ಸ್ಟೇನ್‌ಲೆಸ್ ಅಲ್ಲ, ಕರಾವಳಿ ಮಳೆಗೆ ಎರಡು ನಟ್ ತುಕ್ಕು ಹಿಡಿದು ಬಿಚ್ಚೋಕೆ ಒದ್ದಾಡಿದ್ದಾಯ್ತು.

ಐದಕ್ಕೆ ಮೂರು ಕೊಡ್ತೀನಿ. ವಾರಂಟಿ ಇರೋ ಗಾಡಿ ಆದ್ರೆ ಇದರ ತಂಟೆಗೇ ಹೋಗ್ಬೇಡಿ, ಸರ್ವಿಸ್ ಸೆಂಟರಲ್ಲೇ ಮಾಡಿಸಿ. ಹಳೇ ಗಾಡಿಯವರು ಟೆಸ್ಟಲ್ಲಿ ಒಂದೇ ಜಾಗ ಸೋರ್ತಿದ್ರೆ ಪೂರ್ತಿ ಕಿಟ್ ಬೇಡ, ಪೈಪಿನ ಹೊರಗಿನ ಅಳತೆ ತಗೊಂಡು ಬೆಂಗಳೂರಿನ ಜೆಸಿ ರೋಡ್ ಕಡೆ ಹೋದ್ರೆ ಬಿಡಿ ಹೋಸ್, ಬಿಡಿ ಕ್ಲಾಂಪ್ ಎರಡೂ ಸಿಗುತ್ತೆ, ನಟ್ ಕೂಡ ಸ್ಟೇನ್‌ಲೆಸ್ಸಾ ಅಂತ ಮ್ಯಾಗ್ನೆಟ್ ಇಟ್ಟು ನೋಡಿ ತಗೊಳ್ಳಿ.