ದುಡ್ಡು ಕೊಟ್ಟು ಕ್ಯಾಮೆರಾದ ಗಾಜು ಕೀಳಿಸಿಕೊಂಡು ಬಂದೆ: ದಾವಣಗೆರೆಯ ಒಂದು ರಿಪೇರಿ ಅಂಗಡಿ

ಮೊದಲೇ ಹೇಳಿಬಿಡುತ್ತೇನೆ, ಅಂಗಡಿ ಹೆಸರು ಹಾಕುವುದಿಲ್ಲ. ಅವರೇ ಬೇಡ ಅಂದರು. "ಮದುವೆ ಸೀಸನ್ನಾಗೆ ಉಸಿರಾಡಕ್ಕೆ ಪುರುಸೊತ್ತಿರಲ್ಲ ರೀ, ನಿಮ್ಮಂಗೆ ನಕ್ಷತ್ರ ನೋಡೋರು ಹತ್ತು ಮಂದಿ ಬಂದ್ರೆ ನಾನು ಅಂಗಡಿ ಮುಚ್ಚೋದೇ" ಅಂತ ನಕ್ಕರು. ದಾವಣಗೆರೆಯಲ್ಲಿ ಹಳೇ ಫೋಟೋಗ್ರಾಫರ್ ಯಾರನ್ನು ಕೇಳಿದರೂ ದಾರಿ ತೋರಿಸುತ್ತಾರೆ ಬಿಡಿ.

ನಾನು ಕೊಟ್ಟಿದ್ದು 5,500 ರೂಪಾಯಿ. ಅದಕ್ಕೆ ಸಿಕ್ಕಿದ್ದು ಏನು ಅಂದರೆ, ಕ್ಯಾಮೆರಾದೊಳಗೆ ಸೆನ್ಸರ್ (ಬೆಳಕು ಹಿಡಿಯುವ ಚಿಪ್) ಮುಂದೆ ಒಂದು ಗಾಜು ಕಡಿಮೆ. ಮನೆಯಲ್ಲಿ ಇನ್ನೂ ಇದನ್ನೇ ಹೇಳಿಕೊಂಡು ನಗುತ್ತಾರೆ.

ಯಾಕೆ ಬೇಕಿತ್ತು ಅಂತ ಹೇಳುತ್ತೇನೆ. ಹೊಳಲ್ಕೆರೆ ಕಡೆ ನಮ್ಮ ಮಾವನ ಹೊಲ ಇದೆ. ಎರಡು ಚಳಿಗಾಲ ಅಲ್ಲೇ ಟ್ರ್ಯಾಕರ್ (ನಕ್ಷತ್ರದ ಜೊತೆಜೊತೆಗೇ ಕ್ಯಾಮೆರಾ ತಿರುಗಿಸುವ ಯಂತ್ರ) ಇಟ್ಟುಕೊಂಡು ಒರಾಯನ್ ನಕ್ಷತ್ರಪುಂಜದ ಫೋಟೋ ತೆಗೆದೆ. ಆರ್ದ್ರೆ ಕೆಂಪಗೆ ಬಂತು. ಅಲ್ಲೇ ಇರುವ ರೈಜೆಲ್ ನಕ್ಷತ್ರ ತೆಳು ನೀಲಿಯಾಗಿ ಬಂತು. ದೂರದ ಗುಡ್ಡದ ಮೇಲೆ ಗಾಳಿಯಂತ್ರದ ತುದಿಯಲ್ಲಿ ಮಿಣುಕುವ ಕೆಂಪು ದೀಪ ಕೂಡ ಫ್ರೇಮಿಗೆ ಸಿಕ್ಕಾಗ ಕುಂಕುಮದ ಹಾಗೆ ಬಂತು. ಬರದೇ ಇದ್ದದ್ದು ನೀಹಾರಿಕೆಯ, ಅಂದರೆ ನಕ್ಷತ್ರಗಳ ನಡುವಿನ ಅನಿಲದ ಮೋಡದ, ಕೆಂಪು ಒಂದೇ. ಕೆಂಪು ದೀಪ ಕಾಣುವ ಕ್ಯಾಮೆರಾಗೆ ಕೆಂಪು ಮೋಡ ಯಾಕೆ ಕಾಣುವುದಿಲ್ಲ? ಇದೇ ತಲೆ ತಿಂದಿದ್ದು.

ಉತ್ತರ ಕೆಲವೇ ನ್ಯಾನೋಮೀಟರಿನಲ್ಲಿದೆ, ಬೆಳಕಿನ ಅಲೆಯ ಉದ್ದ ಅಳೆಯುವುದು ಅದರಲ್ಲೇ. ಕೆಂಪು ಎಲ್‌ಇಡಿ ದೀಪದ ಬೆಳಕು ಸುಮಾರು 625ರ ಆಸುಪಾಸು. ನೀಹಾರಿಕೆಯ ಹೈಡ್ರೋಜನ್ ಕೊಡುವ ಕೆಂಪು, ಎಚ್-ಆಲ್ಫಾ ಅಂತಾರಲ್ಲ, ಅದು 656.3. ಸೆನ್ಸರ್ ಮುಂದೆ ಕಂಪನಿಯವರು ಕೂರಿಸುವ ಬಣ್ಣ ತಿದ್ದುವ ಗಾಜು ಈ ಎರಡರ ನಡುವೆಯೇ ಬೆಳಕನ್ನು ಬಿಗಿಯುತ್ತಾ ಹೋಗುತ್ತದೆ. 656ಕ್ಕೆ ಬರುವಷ್ಟರಲ್ಲಿ ಸುಮಾರು ಕಾಲು ಭಾಗ ದಾಟಿದರೆ ಹೆಚ್ಚು. ಇದು ಕಂಪನಿಯವರ ತಪ್ಪಲ್ಲ. ಸೆನ್ಸರಿನ ಸಿಲಿಕಾನ್‌ಗೆ ಸುಮಾರು 1100 ನ್ಯಾನೋಮೀಟರ್ ತನಕ ಬೆಳಕು ಕಾಣುತ್ತದೆ, ನಮಗೆ ಕಾಣುವುದು 700ರ ತನಕ, ಅದರಲ್ಲೂ 656ರ ಹತ್ತಿರ ನಮ್ಮ ಕಣ್ಣು ಬಹಳ ಮಂದ. ಹಾಗಾಗಿ ಮದುವೆ ಫೋಟೋದಲ್ಲಿ ಮದುಮಗಳ ಮುಖ ಮುಖದ ಹಾಗೇ ಬರಲಿ ಅಂತ ಆ ಗಾಜು. ಆಕಾಶಕ್ಕಂತಲೇ ಕ್ಯಾನನ್‌ನವರು 2005ರಲ್ಲಿ 20ಡಿಎ, 2012ರಲ್ಲಿ 60ಡಿಎ ಬಿಟ್ಟರು, ನಿಕಾನ್‌ನವರು 2015ರಲ್ಲಿ ಡಿ810ಎ ಕ್ಯಾಮೆರಾ ಬಿಟ್ಟರು. ಅವನ್ನು ಹುಡುಕಿ ಕೊಳ್ಳುವ ದುಡ್ಡು ನನ್ನ ಹತ್ತಿರ ಎಲ್ಲಿಂದ ಬರಬೇಕು, ಇದ್ದ ಹಳೇ ಕ್ಯಾನನ್ ಬಾಡಿಯನ್ನೇ ಬಿಚ್ಚಿಸಿದೆ.

ಅಂಗಡಿಯವರ ಕೈಕೆಲಸ ನೋಡಬೇಕು. ಪಕ್ಕದಲ್ಲೇ ಕೂತಿದ್ದೆ. ಬಿಚ್ಚಿದ ಸ್ಕ್ರೂಗಳನ್ನೆಲ್ಲ ಒಂದು ಬಿಳಿ ಹಾಳೆ ಮೇಲೆ, ಕ್ಯಾಮೆರಾದ ಚಿತ್ರ ಬರೆದು, ಯಾವುದು ಎಲ್ಲಿಂದ ಬಂತೋ ಅಲ್ಲೇ ಇಟ್ಟರು. ನನ್ನ ಬಾಡಿಯಲ್ಲಿ ಗಾಜು ಎರಡು. ಮುಂದಿನದು ಧೂಳು ಕೊಡವುವ ಗಾಜು, ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕನ್ನೂ ತಡೆಯುತ್ತದೆ. ಅದನ್ನು ಮುಟ್ಟಬಾರದು, ತೆಗೆದರೆ ಇನ್‌ಫ್ರಾರೆಡ್ ಒಳಗೆ ನುಗ್ಗಿ ಲೆನ್ಸಿನಲ್ಲಿ ಬೇರೆ ಕಡೆ ಫೋಕಸ್ ಆಗಿ ನಕ್ಷತ್ರ ಊದಿಕೊಳ್ಳುತ್ತದೆ. ಇದನ್ನು ನಾನು ಹೇಳುವ ಮೊದಲೇ ಅವರೇ ಹೇಳಿದರು, ಅಲ್ಲಿಗೆ ಅರ್ಧ ಧೈರ್ಯ ಬಂತು. ತೆಗೆದದ್ದು ಹಿಂದಿನ ಗಾಜು. ಅಂಗೈ ಮೇಲಿಟ್ಟುಕೊಂಡು ನೋಡಿದೆ. ಬಿಸ್ಕತ್ತಿನ ಅರ್ಧದಷ್ಟಿಲ್ಲ, ಕೆರೆ ನೀರಿನ ಹಾಗೆ ತೆಳು ನೀಲಿ. ಬಿಳಿ ಹಾಳೆ ಮೇಲೆ ಕೆಂಪು ಪೆನ್ನಿನ ಗೆರೆ ಎಳೆದು ಅದರ ಮೂಲಕ ನೋಡಿದರೆ ಗೆರೆ ಮಂಕಾಯಿತು. ಎರಡು ವರ್ಷ ನನ್ನ ನೀಹಾರಿಕೆಯನ್ನು ನುಂಗಿದ್ದು ಈ ಚೂರು!

ಈಗ ಬೇಜಾರಿನ ವಿಷಯ. "ಮೂರು ದಿನ" ಅಂದಿದ್ದರು, ಕೈಗೆ ಸಿಕ್ಕಿದ್ದು ಹದಿನೇಳನೇ ದಿನ. ಫೋನ್ ಮಾಡಿದಾಗಲೆಲ್ಲ "ನಾಳೆ ಬರ್ರಿ". ಅದನ್ನೂ ಸಹಿಸಿಕೊಂಡೆ. ಆದರೆ ಹೊಲಕ್ಕೆ ಹೋಗಿ, ನನ್ನ ಹಳೇ 135 ಎಂಎಂ ಮ್ಯಾನುಯಲ್ ಲೆನ್ಸನ್ನು ಅನಂತದ ಗುರುತಿನ ತನಕ ತಿರುಗಿಸಿದರೂ ನಕ್ಷತ್ರ ಚುಕ್ಕಿಯಾಗಲಿಲ್ಲ. ಮಂಡಕ್ಕಿಯಾಯಿತು! ರಾತ್ರಿಯೆಲ್ಲ ಚಳಿಯಲ್ಲಿ ಕೂತು ಮಂಡಕ್ಕಿ ಫೋಟೋ ತೆಗೆದು ಬಂದೆ. ಗಾಜು ದಾಟುವಾಗ ಬೆಳಕು ಫೋಕಸ್ ಆಗುವ ಜಾಗ ಅದರ ದಪ್ಪದ ಸುಮಾರು ಮೂರನೇ ಒಂದು ಭಾಗದಷ್ಟು ಹಿಂದಕ್ಕೆ ಹೋಗುತ್ತದೆ. ಗಾಜು ತೆಗೆದರೆ ಅಷ್ಟೇ ಮುಂದಕ್ಕೆ ಬರುತ್ತದೆ. ಆಗ ಸೆನ್ಸರನ್ನೂ ಅಷ್ಟು ಮುಂದಕ್ಕೆ ತರಬೇಕು, ಇಲ್ಲವೇ ಅದೇ ದಪ್ಪದ ಸಾದಾ ಗಾಜು ಕೂರಿಸಬೇಕು. ಅವರು ಎರಡೂ ಮಾಡಿರಲಿಲ್ಲ. ವಾಪಸ್ ಒಯ್ದೆ. ಒಂದು ಮಾತಿಗೆ ಒಪ್ಪಿಕೊಂಡರು, ವಾದ ಮಾಡಲಿಲ್ಲ, ದುಡ್ಡೂ ಕೇಳಲಿಲ್ಲ. ಸೆನ್ಸರ್ ಹಿಡಿದಿರುವ ಮೂರು ಸ್ಕ್ರೂಗಳನ್ನು ಇಷ್ಟಿಷ್ಟೇ ತಿರುಗಿಸಿ, ಎದುರು ಬದಿಯ ಅಂಗಡಿ ಬೋರ್ಡಿಗೆ ಫೋಕಸ್ ಹಿಡಿದು ನೋಡಿ, ಮತ್ತೆ ತಿರುಗಿಸಿ, ಸಂಜೆ ತನಕ ಕೂತರು. ನಾನು ಆ ಹೊತ್ತಿಗೆ ಹೋಗಿ ಬೆಣ್ಣೆ ದೋಸೆ ತಿಂದು ಬಂದೆ, ಸುಳ್ಳೇಕೆ ಹೇಳಲಿ.

ಮುಂದಿನ ಅಮಾವಾಸ್ಯೆಗೆ ಅದೇ ಹೊಲ, ಅದೇ ಲೆನ್ಸು, 60 ಸೆಕೆಂಡಿನ 40 ಫೋಟೋ. ಮೊದಲನೇ ಫೋಟೋ ಸ್ಕ್ರೀನ್ ಮೇಲೆ ಬಂದಾಗಲೇ ಒರಾಯನ್ ನಡುಪಟ್ಟಿಯ ಕೆಳಗೆ ತೆಳ್ಳಗೆ ಕೆಂಪು ಪರದೆ. ಎಲ್ಲ ಸೇರಿಸಿದ ಮೇಲೆ ಆ ಪರದೆಯ ಮುಂದೆ ಅಕ್ಕಿಕಾಳಿನಷ್ಟು ಕಪ್ಪು ಚೂರು, ಕುದುರೆತಲೆ ನೀಹಾರಿಕೆ. ಮಾವನನ್ನು ಎಬ್ಬಿಸಿ ತೋರಿಸಿದೆ. "ಇದಕ್ಕಾ ಎಬ್ಬಿಸಿದ್ದು?" ಅಂದು ಮಲಗಿದರು.

ಆದರೆ ಒಂದು ತಿಳಿದಿರಲಿ, ಇದರಿಂದ ಎಲ್ಲವೂ ಚೆನ್ನಾಗಿ ಬರುವುದಿಲ್ಲ. ಸೆನ್ಸರ್‌ಗೆ ಬಣ್ಣವೇ ಗೊತ್ತಿಲ್ಲ, ಬಿದ್ದ ಬೆಳಕನ್ನು ಎಣಿಸುತ್ತದೆ ಅಷ್ಟೆ. ಬಣ್ಣ ಕೊಡುವುದು ಪ್ರತಿ ಪಿಕ್ಸೆಲ್ ಮೇಲಿನ ಪುಟ್ಟ ಫಿಲ್ಟರು. ಕೊಡಾಕ್‌ನ ಬ್ರೈಸ್ ಬೇಯರ್ 1976ರಲ್ಲಿ ಪೇಟೆಂಟ್ ಪಡೆದ ಜೋಡಣೆ ಅದು, ನಾಲ್ಕರಲ್ಲಿ ಎರಡು ಹಸಿರು, ಒಂದು ಕೆಂಪು, ಒಂದು ನೀಲಿ. ಅಂದರೆ ಎಚ್-ಆಲ್ಫಾ ಹಿಡಿಯುವುದು ಹೆಚ್ಚುಕಡಿಮೆ ಕಾಲು ಭಾಗ ಪಿಕ್ಸೆಲ್ ಮಾತ್ರ. ಗಾಜು ತೆಗೆದರೂ ಇದು ಬದಲಾಗುವುದಿಲ್ಲ. ಕೃತ್ತಿಕೆಯ ಸುತ್ತಲಿನ ನೀಲಿ ಧೂಳಿಗೂ ಇದರಿಂದ ಏನೂ ಲಾಭವಿಲ್ಲ, ಅದು ನಕ್ಷತ್ರದ ಬೆಳಕನ್ನೇ ಚದುರಿಸುತ್ತದೆ. ಬರೀ ಕೃತ್ತಿಕೆ, ಆಂಡ್ರೊಮಿಡಾ ಗೆಲಾಕ್ಸಿ ತೆಗೆಯುವವರು ಸುಮ್ನೆ ದುಡ್ಡು ಹಾಳು ಮಾಡಬೇಡಿ.

ಇನ್ನೊಂದು ನನ್ನ ಸ್ವಂತ ತಕರಾರು. ಗಾಜು ತೆಗೆಸಿದವರೆಲ್ಲ ಫೋಟೋವನ್ನು ಟೊಮೆಟೊ ಸಾರು ಮಾಡಿಬಿಡುತ್ತಾರೆ. ಹೈಡ್ರೋಜನ್ 486ರಲ್ಲಿ ನೀಲಿ ಬೆಳಕೂ ಕೊಡುತ್ತದೆ, ಹಾಗಾಗಿ ನೀಹಾರಿಕೆ ಸ್ವಲ್ಪ ಗುಲಾಬಿಯೇ. ಒರಾಯನ್ ನೀಹಾರಿಕೆಯ ನಡುವೆ ಆಮ್ಲಜನಕದ 500.7ರ ಬೆಳಕು ಇದೆ, ಅದು ಹಸಿರು ಪಿಕ್ಸೆಲ್ಲಿಗೂ ನೀಲಿ ಪಿಕ್ಸೆಲ್ಲಿಗೂ ಬೀಳುತ್ತದೆ, ಆ ಹಸಿರುನೀಲಿ ಉಳಿದರೆ ಎಷ್ಟು ಚೆಂದ ಅಲ್ವಾ. ಕೆಂಪನ್ನು ಜಾಸ್ತಿ ಎಳೆದರೆ ಮೊದಲು ಸಾಯುವುದು ಅದೇ.

ಹಗಲಿನ ಫೋಟೋ? ಅಕ್ಕನ ಮಗುವಿನ ನಾಮಕರಣಕ್ಕೆ ಇದನ್ನೇ ಒಯ್ದು ತಪ್ಪು ಮಾಡಿದೆ. ಮಲ್ಲಿಗೆ ದಂಡೆ ಗುಲಾಬಿ, ಪುರೋಹಿತರ ಪಂಚೆಯೂ ಗುಲಾಬಿ. ಬಿಸಿಲಿನಲ್ಲಿ ಬಿಳಿ ಹಾಳೆ ಹಿಡಿದು ಕಸ್ಟಮ್ ವೈಟ್ ಬ್ಯಾಲೆನ್ಸ್ ಹಾಕಿಕೊಂಡರೆ ಮುಕ್ಕಾಲು ಸರಿಹೋಗುತ್ತದೆ. ಇದನ್ನು ಅಂಗಡಿಯವರು ಹೇಳಬೇಕಿತ್ತು, ಹೇಳಲಿಲ್ಲ.

ಐದಕ್ಕೆ ನಾಲ್ಕು ಕೊಡುತ್ತೇನೆ. ಕಡಿತ ಮಾಡಿದ ಒಂದು ಅಂಕ, ಆ ಹದಿನೇಳು ದಿನಕ್ಕೂ ಮಂಡಕ್ಕಿಗೂ ಸೇರಿ. ಹೋಗುವುದಾದರೆ ಮದುವೆ ಸೀಸನ್ ಬಿಟ್ಟು ಹೋಗಿ, ಫೋಕಸ್ ಸರಿಮಾಡುವುದೂ ಸೇರಿ ರೇಟು ಅಂತ ಮೊದಲೇ ಬಾಯಿಬಿಟ್ಟು ಕೇಳಿ, ನಿಮ್ಮದೇ ಲೆನ್ಸು ಒಯ್ದು ಅಂಗಡಿಯಲ್ಲೇ ದೂರದ ಬೋರ್ಡಿಗೆ ಫೋಕಸ್ ನೋಡಿಕೊಂಡು ಬನ್ನಿ. ತೆಗೆದ ಗಾಜನ್ನೂ ಕೇಳಿ ತೆಗೆದುಕೊಳ್ಳಿ. ನನ್ನದು ಬೆಂಕಿಪೊಟ್ಟಣದಲ್ಲಿ ಹತ್ತಿ ಸುತ್ತಿ ಇಟ್ಟಿದ್ದೇನೆ.