ಹೊಟ್ಟೆ ಕರಗಿಸ್ತೀವಿ ಅಂತ ಇನ್ಸುಲಿನ್ ಬಿಡಿಸುವವರಿದ್ದಾರೆ, ಹುಷಾರು

ತುಮಕೂರಿನಲ್ಲಿ ಬೆಳಗ್ಗೆ ವಾಕಿಂಗ್ ಹೋಗುವ ಶುಗರ್ ಇರುವವರು, ಅವರ ಮನೆಯವರು ದಯವಿಟ್ಟು ಓದಿ. ಪಾರ್ಕ್ ಗೇಟಿನ ಹತ್ತಿರ ಕೆಲವರು ಟೇಬಲ್ ಹಾಕಿಕೊಂಡು ಕೂತಿರುತ್ತಾರೆ. ಮೆಷಿನ್ ಮೇಲೆ ನಿಲ್ಲಿಸಿ ಫ್ರೀ ಚೆಕಪ್ ಮಾಡುತ್ತಾರೆ. ಆಮೇಲೆ ಪುಡಿ ಡಬ್ಬ ಹೊರಗೆ ಬರುತ್ತದೆ.

ನಮ್ಮ ಚಿಕ್ಕಪ್ಪನಿಗೆ ಇನ್ಸುಲಿನ್ ಶುರುವಾದ ಮೇಲೆ ಹೊಟ್ಟೆ ಬಂದಿತ್ತು. "ಅಂಕಲ್, ಇದು ಇನ್ಸುಲಿನ್‌ದೇ ಕೆಲಸ. ಅದನ್ನ ಅರ್ಧ ಮಾಡಿ, ರಾತ್ರಿ ಊಟದ ಬದಲು ನಮ್ಮ ಶೇಕ್ ಕುಡೀರಿ" ಅಂದರಂತೆ. ಬಿಲ್ ಕೇಳಿದರೆ ಕೊಡಲಿಲ್ಲ, ಅದು ಬೇರೆ ಮಾತು.

ಇದರಲ್ಲಿ ಅರ್ಧ ನಿಜ ಇದೆ, ಅದಕ್ಕೇ ಜನ ನಂಬುವುದು. ಶುಗರ್ ಜಾಸ್ತಿ ಇದ್ದಾಗ ತಿಂದದ್ದರಲ್ಲಿ ಒಂದಷ್ಟು ಮೂತ್ರದಲ್ಲಿ ಹೋಗುತ್ತಿರುತ್ತದೆ. ಇನ್ಸುಲಿನ್ ತಗೊಂಡಾಗ ಅದು ಮೈಗೆ ಹತ್ತುತ್ತದೆ. ಊಟ ಮೊದಲಿನಷ್ಟೇ ಇದ್ದರೆ ತೂಕ ಏರುತ್ತದೆ. ಲೋ ಶುಗರ್ ಆದೀತು ಅಂತ ಹೆದರಿ ಆಗಾಗ ಬಿಸ್ಕೆಟ್ ತಿಂದರೆ ಇನ್ನೂ ಜಾಸ್ತಿ.

ಅವರು ಹೇಳಿದಂತೆ ಮಾಡಿದ ಮೇಲೆ ಚಿಕ್ಕಪ್ಪನ ತೂಕ ಇಳಿಯಿತು, ಸುಳ್ಳಲ್ಲ. ಮನೆಯವರೆಲ್ಲ ಖುಷಿಪಟ್ಟರು. ಆದರೆ ಇಳಿದದ್ದು ಪುಡಿಯಿಂದಲ್ಲ, ಸಕ್ಕರೆ ಮತ್ತೆ ಮೂತ್ರದಲ್ಲಿ ಹರಿದು ಹೋಗುತ್ತಿತ್ತು. ರಾತ್ರಿಯೆಲ್ಲ ಬಾಯಾರಿಕೆ, ಬಾತ್‌ರೂಮಿಗೆ ಓಡಾಟ. ಕೊನೆಗೆ ಒಂದಿನ ವಾಂತಿ, ಮೈಯೆಲ್ಲ ಸುಸ್ತು. ಗ್ಲೂಕೋಮೀಟರ್‌ನಲ್ಲಿ ನಂಬರೇ ಬರಲಿಲ್ಲ, 'ಹೈ' ಅಂತ ಬಂತು. ಮೀಟರ್ ಕೆಟ್ಟಿದೆ ಅಂತ ಚಿಕ್ಕಮ್ಮ ಸೆಲ್ ಬದಲಾಯಿಸಿದರು! ಕೆಟ್ಟಿರಲಿಲ್ಲ. ಅದು ಅಳೆಯುವ ಮಿತಿಯನ್ನೇ ಸಕ್ಕರೆ ದಾಟಿತ್ತು. ಎಷ್ಟೋ ಮೀಟರ್‌ಗಳಲ್ಲಿ ಆ ಮಿತಿ 600. ನೇರ ಐಸಿಯುಗೆ ಹಾಕಿದರು.

ಅಲ್ಲಿ ಡಾಕ್ಟರ್ ಹೊಟ್ಟೆ ಮುಟ್ಟಿ ನೋಡಿದಾಗ ಇನ್ನೊಂದು ವಿಷಯ ಗೊತ್ತಾಯಿತು. ಹೊಕ್ಕುಳಿನ ಬಲಕ್ಕೆ ಮೆತ್ತಗಿನ ಗಂಟು. ಕೈಗೆ ಸುಲಭ ಅಂತ ದಿನಾ ಅಲ್ಲೇ ಚುಚ್ಚಿಕೊಳ್ಳುತ್ತಿದ್ದರು. ಇನ್ಸುಲಿನ್‌ನಿಂದಲೇ ಆ ಜಾಗದಲ್ಲಿ ಕೊಬ್ಬು ಕಟ್ಟಿಕೊಳ್ಳುತ್ತದೆ, ನೋವೂ ಇರಲ್ಲ. ಗಂಟಿನೊಳಗೆ ಚುಚ್ಚಿದ ಮದ್ದು ಸರಿಯಾಗಿ ರಕ್ತಕ್ಕೆ ಸೇರಲ್ಲ. ಆಗ ಡೋಸ್ ಏರಿಸುತ್ತಾ ಹೋಗಬೇಕಾಗುತ್ತದೆ. ಪ್ರತಿಸಲ ಒಂದು ಬೆರಳಗಲವಾದರೂ ಜಾಗ ಬಿಟ್ಟು, ಹೊಟ್ಟೆ, ತೊಡೆ ಹೀಗೆ ಬದಲಿಸುತ್ತಿರಿ. ಆದರೆ ಗಂಟು ಬಿಟ್ಟು ಹೊಸ ಜಾಗಕ್ಕೆ ಚುಚ್ಚಿದಾಗ ಅದೇ ಡೋಸ್ ಜಾಸ್ತಿ ಕೆಲಸ ಮಾಡಿ ಸಕ್ಕರೆ ತೀರಾ ಇಳಿಯಬಹುದು. ಅದಕ್ಕೇ ಮೊದಲು ಡಾಕ್ಟರಿಗೆ ತೋರಿಸಿ.

ಈಗ ಅವರ ಡೋಸನ್ನು ಡಾಕ್ಟರೇ ನೋಡಿ ಹೊಂದಿಸಿದ್ದಾರೆ, ಜೊತೆಗೆ ಮೆಟ್‌ಫಾರ್ಮಿನ್ ಅನ್ನೋ ಶುಗರ್ ಮಾತ್ರೆ ಇದೆ. ರಾಗಿ ಮುದ್ದೆ ಬಿಡಿಸಿಲ್ಲ, ಗಾತ್ರ ಚಿಕ್ಕದಾಗಿದೆ, ಪಕ್ಕದಲ್ಲಿ ಸೊಪ್ಪಿನ ಪಲ್ಯ ಜಾಸ್ತಿ. ನಮ್ಮ ಕಡೆಯವರಿಗೆ ರಾಗಿ ಅಂದರೆ ಎಷ್ಟು ತಿಂದರೂ ಶುಗರ್ ಬರಲ್ಲ ಅನ್ನೋ ನಂಬಿಕೆ. ಸುಮ್ನೆ ಮಾತು ಅದು, ರಾಗಿಯೂ ಪಿಷ್ಟವೇ. ಸಕ್ಕರೆ 70ಕ್ಕಿಂತ ಕೆಳಗಿಳಿದರೆ ಮಾತ್ರ ಮೂರು ಟೀಚಮಚ ಸಕ್ಕರೆ ನೀರಿಗೆ ಹಾಕಿ ಕುಡಿಯುತ್ತಾರೆ, ಕಾಲು ಗಂಟೆ ಬಿಟ್ಟು ಮತ್ತೆ ಚೆಕ್ ಮಾಡುತ್ತಾರೆ. ಪದೇ ಪದೇ ಹೀಗಾದರೆ ಡೋಸ್ ಬಗ್ಗೆ ಡಾಕ್ಟರ್ ಹತ್ತಿರ ಮಾತಾಡಬೇಕು, ಬಿಸ್ಕೆಟ್ ಏರಿಸುವುದಲ್ಲ.

ಇನ್ಸುಲಿನ್ ತಪ್ಪಿಸಿದವರಿಗೆ ವಾಂತಿ, ಹೊಟ್ಟೆನೋವು, ಜೋರು ಉಸಿರು, ಬಾಯಲ್ಲಿ ಕೊಳೆತ ಹಣ್ಣಿನಂಥ ವಾಸನೆ ಬಂದರೆ ಬೆಳಗಾಗಲಿ ಅಂತ ಕಾಯಬೇಡಿ. 108ಕ್ಕೆ ಫೋನ್ ಮಾಡಿ.